ಮನೆಯಲ್ಲಿದ್ದದ್ದಕ್ಕೆ ಲೆಕ್ಕ ಬೇಡವೇ?

ಸ್ಪರ್ಧೆಗೆ ಇಳಿದವರೆಲ್ಲರೂ ಒಂದೇ ಗೆರೆಯಿಂದ ಓಟ ಆರಂಭಿಸಬೇಕು ಎಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಆ ಗೆರೆಯ ತನಕ ಒಬ್ಬನು ಹತ್ತು ಮೈಲಿ ನಡೆದು ಬಂದಿರುತ್ತಾನೆ, ಇನ್ನೊಬ್ಬನು ವಾಹನದಲ್ಲಿ ಬಂದು ಇಳಿದಿರುತ್ತಾನೆ. ಗೆರೆಯ ಮೇಲೆ ನಿಂತಾಗ ಇಬ್ಬರೂ ಸಮಾನರಂತೆ ಕಾಣುತ್ತಾರೆ. ಶಿಕ್ಷಣ, ಉದ್ಯೋಗ, ವ್ಯಾಪಾರಗಳ ವಿಚಾರದಲ್ಲಿ ನಾವು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತುತ್ತೇವೆ. ಆದರೆ ಅಲ್ಲಿ ಚರ್ಚೆ ಬಹುಬೇಗ ಜಗಳವಾಗಿ ಬಿಡುತ್ತದೆ. ಆದ್ದರಿಂದ ಯಾರ ಅನ್ನಕ್ಕೂ ಕುತ್ತು ಬಾರದ ಒಂದು ಪುಟ್ಟ ಆಟದಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು. ಅದು ಮಾದರಿ ಕಾರು ಕಟ್ಟುವ ಗೆಳೆಯರ ನಡುವೆ ನಡೆಯುವ ಕಡಿಮೆ ಖರ್ಚಿನ ಪಂಥ.

ಮಾದರಿ ಕಾರು ಎಂದರೆ ಮಕ್ಕಳು ನೆಲದ ಮೇಲೆ ಓಡಿಸುವ ಆಟಿಕೆಯಲ್ಲ. ನಿಜವಾದ ಕಾರಿನ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಕಟ್ಟಿದ ಪ್ರತಿರೂಪ ಅದು. 24ರಲ್ಲಿ ಒಂದು ಭಾಗ, 25ರಲ್ಲಿ ಒಂದು ಭಾಗ ಎಂಬಿತ್ಯಾದಿ ಪ್ರಮಾಣಗಳು ಬಳಕೆಯಲ್ಲಿವೆ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದವಿತ್ತು. 24ರಲ್ಲಿ ಒಂದು ಭಾಗವೆಂದರೆ ಅದು 18 ಸೆಂಟಿಮೀಟರ್, ಅಂದರೆ ಅಂಗೈಯಿಂದ ತುಸು ಹೊರಚಾಚುವಷ್ಟು. ಬ್ರಿಟನ್, ಅಮೆರಿಕ, ಜಪಾನ್‌ಗಳಲ್ಲಿ ಇದು ಲಕ್ಷಾಂತರ ಜನರ ಹವ್ಯಾಸ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ, ಅಂಟಿಸಿ ಕಾರನ್ನು ಕಟ್ಟಬೇಕು.

ಈ ಹವ್ಯಾಸ ಆರಂಭದಲ್ಲಿ ಅಗ್ಗವಾಗಿಯೇ ಇತ್ತು. 1939ರಲ್ಲಿ ಇಂಗ್ಲೆಂಡಿನಲ್ಲಿ ನಿಕೊಲಸ್ ಕೋವ್ ಎಂಬ ಹಂಗೇರಿಯ ವಲಸಿಗ ಸ್ಥಾಪಿಸಿದ ಏರ್‌ಫಿಕ್ಸ್ ಕಂಪೆನಿ, 1952ರಲ್ಲಿ ಹಡಗಿನ ಮಾದರಿಯೊಂದನ್ನು ಎರಡು ಶಿಲ್ಲಿಂಗ್‌ಗೆ ವೂಲ್‌ವರ್ತ್ ಅಂಗಡಿಗಳಲ್ಲಿ ಮಾರತೊಡಗಿತು. ಬೆಲೆ ಅಷ್ಟಕ್ಕೆ ನಿಲ್ಲಬೇಕೆಂದು ಪೆಟ್ಟಿಗೆಯನ್ನೇ ಬಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರು. ಇಂದು ಪರಿಸ್ಥಿತಿ ಬೇರೆ. ಕಿಟ್‌ನ ಬೆಲೆಯೊಂದೇ ಅಲ್ಲ, ಅದರ ಮೇಲೆ ಲೋಹದ ಬಿಡಿಭಾಗಗಳು, ವಿಶೇಷ ಬಣ್ಣಗಳು, ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್ ಬ್ರಷ್, ಅದಕ್ಕೊಂದು ಕಂಪ್ರೆಸರ್ ಹೀಗೆ ಖರ್ಚಿಗೆ ಕೊನೆಯೇ ಇಲ್ಲ. ಹವ್ಯಾಸವು ಕೈಯ ಕೆಲಸವಾಗಿ ಉಳಿಯದೆ ಕಿಸೆಯ ಕೆಲಸವಾಗುತ್ತಿದೆ ಎಂಬ ಬೇಸರ ಹುಟ್ಟಿದಾಗಲೇ ಗೆಳೆಯರು ತಮ್ಮೊಳಗೆ ಒಂದು ಕಟ್ಟು ಹಾಕಿಕೊಳ್ಳುತ್ತಾರೆ. ಕಿಟ್, ಬಣ್ಣ, ಅಂಟು ಎಲ್ಲ ಸೇರಿ ಇಂತಿಷ್ಟು ಹಣ ಮೀರಬಾರದು. ಯಾರ ಕಾರು ಚೆನ್ನಾಗಿದೆಯೋ ನೋಡೋಣ. ಬಹುಮಾನವೇನೂ ಇಲ್ಲ.

ಕಟ್ಟು ಬಿದ್ದೊಡನೆ ಕಣ್ಣು ತೆರೆಯುತ್ತದೆ. ಬಿಸಾಡುವ ಪ್ಲಾಸ್ಟಿಕ್ ಚೌಕಟ್ಟನ್ನು ಮೇಣದಬತ್ತಿಯ ಉರಿಯ ಮೇಲೆ ಹಿಡಿದು ಮೆತ್ತಗಾದಾಗ ಎಳೆದರೆ ಕೂದಲಿನಷ್ಟು ಸಪೂರವಾದ ಆಂಟೆನಾ ಸಿಗುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಬಂಪರಿನ ಹೊಳಪಾಗುತ್ತದೆ. ಮಾತ್ರೆಗಳ ಪಾರದರ್ಶಕ ಪೊಟ್ಟಣ ಕಿಟಕಿಯ ಗಾಜಾಗುತ್ತದೆ. ಹೊಲಿಗೆಯ ನೂಲು ಎಂಜಿನ್ನಿನ ವಯರಾಗುತ್ತದೆ. ನೈಲ್ ಪಾಲಿಶ್ ಕಾರಿನ ಬಣ್ಣವಾಗುತ್ತದೆ, ಹಲ್ಲುಜ್ಜುವ ಪೇಸ್ಟ್ ಆ ಬಣ್ಣಕ್ಕೆ ಮೆರುಗು ಕೊಡುತ್ತದೆ. ಮಿತಿ ಎಂಬುದು ಬುದ್ಧಿಯನ್ನು ಚುರುಕುಗೊಳಿಸುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಲಂಡನಿನ ಲೆಸ್ನಿ ಕಂಪೆನಿಯ ಜಾಕ್ ಓಡೆಲ್ ಅವರ ಮಗಳು ಕಲಿಯುತ್ತಿದ್ದ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಅದಕ್ಕಾಗಿ ಆತ ಮಾಡಿಕೊಟ್ಟ ಪುಟ್ಟ ರೋಡ್ ರೋಲರ್‌ನಿಂದಲೇ 1953ರಲ್ಲಿ ಜಗತ್ಪ್ರಸಿದ್ಧವಾದ ಮ್ಯಾಚ್‌ಬಾಕ್ಸ್ ಕಾರುಗಳು ಹುಟ್ಟಿಕೊಂಡವು.

ಇಲ್ಲಿಯ ತನಕ ಎಲ್ಲವೂ ಸರಿ. ಪ್ರಶ್ನೆ ಇರುವುದು ಮುಂದೆ.

ಸುಳ್ಳೂ ಅಲ್ಲ, ಸತ್ಯವೂ ಅಲ್ಲ

ಇಂಗ್ಲೆಂಡಿನ ಮೂವರು ಗೆಳೆಯರನ್ನು ಊಹಿಸಿಕೊಳ್ಳೋಣ. ಇಪ್ಪತ್ತು ಪೌಂಡ್ ಮಿತಿಯ ಪಂಥ. ಮೊದಲನೆಯವನು ಇಪ್ಪತ್ತು ವರ್ಷಗಳಿಂದ ಈ ಹವ್ಯಾಸದಲ್ಲಿದ್ದಾನೆ. ಹದಿನಾಲ್ಕು ಪೌಂಡಿಗೆ ಕಿಟ್ ಕೊಂಡ. ಬಣ್ಣ ಮನೆಯಲ್ಲಿದೆ, ಅಂಟು ಇದೆ, ಏರ್ ಬ್ರಷ್ ಇದೆ. ಹಳೆಯ ಕಿಟ್‌ಗಳಲ್ಲಿ ಉಳಿದ ಚಕ್ರ, ಎಂಜಿನ್, ಸೀಟುಗಳು ಪೆಟ್ಟಿಗೆ ತುಂಬ ಇವೆ. (1958ರಿಂದ ಅಮೆರಿಕದ ಎಎಂಟಿ ಕಂಪೆನಿ ಒಂದೇ ಕಾರನ್ನು ಮೂರು ರೀತಿಯಲ್ಲಿ ಕಟ್ಟಬಹುದಾದ ಕಿಟ್‌ಗಳನ್ನು ಮಾರತೊಡಗಿತು. ಕಟ್ಟುವುದು ಒಂದೇ ರೀತಿ, ಆದ್ದರಿಂದ ಉಳಿದವು ಪೆಟ್ಟಿಗೆ ಸೇರುತ್ತವೆ.) ಎರಡನೆಯವನು ಹೊಸಬ. ಅವನು ಕಿಟ್‌ನ ಜೊತೆಗೆ ಚಾಕು, ಸ್ಯಾಂಡ್ ಪೇಪರ್, ಅಂಟು, ಕುಂಚ ಎಲ್ಲವನ್ನೂ ಆ ಇಪ್ಪತ್ತು ಪೌಂಡಿನಲ್ಲೇ ಕೊಳ್ಳಬೇಕು. ಬಣ್ಣಕ್ಕೆ ಎರಡು ಡಬ್ಬಿಗಿಂತ ಹೆಚ್ಚು ಸಾಧ್ಯವಿಲ್ಲ. ಮೂರನೆಯವನ ಬಳಿ ಸಾಮಾನುಗಳಿವೆ, ಆದರೆ ಎರಡು ಕಡೆ ದುಡಿಯುವ ಅವನಿಗೆ ಭಾನುವಾರ ಸಂಜೆಯ ಒಂದು ಗಂಟೆ ಬಿಟ್ಟರೆ ಸಮಯವಿಲ್ಲ.

ಮೊದಲನೆಯವನ ಕಾರು ಗೆಲ್ಲುತ್ತದೆ. "ನಾನು ಖರ್ಚು ಮಾಡಿದ್ದು ಹದಿನಾಲ್ಕೇ ಪೌಂಡ್" ಎನ್ನುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ. ರಶೀದಿ ಕೇಳಿದರೆ ತೋರಿಸಬಲ್ಲ. ಆದರೂ ಆ ಮಾತು ಪೂರ್ಣ ಸತ್ಯವಲ್ಲ ಎಂದು ನಮಗೆಲ್ಲರಿಗೂ ಅನಿಸುತ್ತದೆ. ಪಂಥವು ಖರ್ಚಿಗೆ ಮಿತಿ ಹಾಕಿತ್ತು, ಮನೆಯಲ್ಲಿರುವ ಆಸ್ತಿಗೆ ಹಾಕಿರಲಿಲ್ಲ. ಇವತ್ತು ಕೊಂಡದ್ದಕ್ಕೆ ಬೆಲೆಯಿದೆ, ನಿನ್ನೆ ಕೊಂಡದ್ದು ಪುಕ್ಕಟೆ ಎಂದು ಲೆಕ್ಕ ಹಾಕಿದರೆ, ನಿನ್ನೆ ಇದ್ದವನಿಗೇ ಇಂದಿನ ಗೆಲುವು.

ಇನ್ನೂ ಸ್ವಲ್ಪ ಮುಂದೆ ಹೋಗೋಣ. ಅವನ ಕೈಚಳಕವಾದರೂ ಅವನದೇ ತಾನೇ? ಹೌದು, ಅವನದೇ. ಅದನ್ನು ಯಾರೂ ಅವನಿಂದ ಕಸಿಯಬೇಕಾಗಿಲ್ಲ. ಆದರೆ ಹತ್ತು ಕಿಟ್‌ಗಳನ್ನು ಹಾಳು ಮಾಡಿದ ನಂತರವೇ ಹನ್ನೊಂದನೆಯದು ಸರಿಯಾಗುತ್ತದೆ. ಹಾಳು ಮಾಡುವ ಅವಕಾಶ ಯಾರಿಗಿದೆಯೋ ಅವರು ಬೇಗ ಕಲಿಯುತ್ತಾರೆ. ಒಂದೇ ಕಿಟ್ ಕೊಳ್ಳಬಲ್ಲವನು ಹೆದರುತ್ತಲೇ ಚಾಕು ಹಿಡಿಯುತ್ತಾನೆ. ಪ್ರತಿಭೆ ಎಂದು ನಾವು ಮೆಚ್ಚುವ ಎಷ್ಟೋ ಸಂಗತಿಗಳ ಹಿಂದೆ ತಪ್ಪು ಮಾಡಲು ಸಿಕ್ಕ ಈ ಸ್ವಾತಂತ್ರ್ಯ ಇರುತ್ತದೆ ಎಂಬುದನ್ನು ಮರೆಯಬಾರದು.

ಮಕ್ಕಳ ಕಾರು, ದೊಡ್ಡವರ ಹಣ

ಅಮೆರಿಕದ ಮಕ್ಕಳ ಆಟಗಳಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. ಅಲ್ಲಿ 1930ರ ದಶಕದಿಂದಲೂ ಮಕ್ಕಳು ತಾವೇ ಕಟ್ಟಿದ, ಎಂಜಿನ್ ಇಲ್ಲದ ಗಾಡಿಯಲ್ಲಿ ಕುಳಿತು ಇಳಿಜಾರಿನಲ್ಲಿ ಓಡಿಸುವ ಸೋಪ್ ಬಾಕ್ಸ್ ಡರ್ಬಿ ಎಂಬ ಸ್ಪರ್ಧೆ ನಡೆಯುತ್ತಿದೆ. ಅದಕ್ಕೆ ಸೇರುವ ವಯಸ್ಸಾಗದ ತನ್ನ ಮಗನಿಗಾಗಿ ಕ್ಯಾಲಿಫೋರ್ನಿಯದ ಡಾನ್ ಮರ್ಫಿ ಎಂಬವರು 1953ರಲ್ಲಿ ಪೈನ್‌ವುಡ್ ಡರ್ಬಿಯನ್ನು ಆರಂಭಿಸಿದರು. ಸ್ಕೌಟ್ ಬಾಲಕರಿಗೆಲ್ಲ ಒಂದೇ ಸಾಮಗ್ರಿ: ಪೈನ್ ಮರದ ಒಂದು ತುಂಡು, ನಾಲ್ಕು ಚಕ್ರ, ಅಚ್ಚಿಗೆ ಮೊಳೆ. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಅಪ್ಪ ಮತ್ತು ಮಗ ಒಟ್ಟಿಗೆ ಕುಳಿತು ಅದನ್ನು ಕಾರಾಗಿ ಕೆತ್ತಬೇಕು. ಇದಕ್ಕಿಂತ ಸಮಾನವಾದ ಸ್ಪರ್ಧೆ ಬೇರೆ ಯಾವುದಿದೆ? ಆದರೆ ಒಬ್ಬ ಅಪ್ಪನ ಗ್ಯಾರೇಜಿನಲ್ಲಿ ವಿದ್ಯುತ್ ಗರಗಸವಿದೆ, ಇನ್ನೊಬ್ಬ ಹುಡುಗನ ಮನೆಯಲ್ಲಿ ಅಪ್ಪನೇ ಇಲ್ಲ. ಈ ಆಟಕ್ಕಾಗಿಯೇ ಮೆರುಗು ಕೊಟ್ಟ ಅಚ್ಚುಗಳನ್ನೂ ತಿದ್ದಿದ ಚಕ್ರಗಳನ್ನೂ ಮಾರುವವರೂ ಹುಟ್ಟಿಕೊಂಡರು. ಕಾರು ಮಗನದೋ ಅಪ್ಪನದೋ ಎಂಬುದು ಅಲ್ಲಿನ ಮನೆಮನೆಯ ತಮಾಷೆಯಾಗಿದೆ.

ಸೋಪ್ ಬಾಕ್ಸ್ ಡರ್ಬಿಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. 1973ರಲ್ಲಿ ಒಹಾಯೊ ರಾಜ್ಯದ ಆ್ಯಕ್ರನ್ ನಗರದಲ್ಲಿ ನಡೆದ ಸ್ಪರ್ಧೆಯನ್ನು ಹದಿನಾಲ್ಕು ವರ್ಷದ ಹುಡುಗನೊಬ್ಬ ಗೆದ್ದ. ಅನುಮಾನ ಬಂದು ಎಕ್ಸ್-ರೇ ತೆಗೆದಾಗ ಗಾಡಿಯ ಮೂತಿಯಲ್ಲಿ ವಿದ್ಯುತ್ಕಾಂತ ಅಡಗಿರುವುದು ಬಯಲಾಯಿತು. ಓಟ ಆರಂಭವಾಗುವಾಗ ಮುಂದೆ ಬೀಳುವ ಕಬ್ಬಿಣದ ಹಲಗೆ ಗಾಡಿಯನ್ನು ಎಳೆದುಕೊಳ್ಳುವಂತೆ ಮಾಡಿದ ಉಪಾಯ ಅದು. ಉಪಾಯದ ಹಿಂದೆ ಇದ್ದವನು ಹುಡುಗನ ಶ್ರೀಮಂತ ಮಾವ. ಪದವಿಯನ್ನು ಕಿತ್ತು ಎರಡನೆಯವನಿಗೆ ಕೊಡಲಾಯಿತು. ಆ ದಿನ ಸೋತ ಮಕ್ಕಳಿಗೆ ಅನ್ಯಾಯವಾಯಿತೆಂದು ಎಲ್ಲರೂ ಹೇಳಿದರು. ನಮಗನಿಸುವಂತೆ ಗೆದ್ದ ಹುಡುಗನಿಗೆ ಇನ್ನೂ ದೊಡ್ಡ ಅನ್ಯಾಯವಾಯಿತು. ತನ್ನ ಕೈ ಎಷ್ಟು ಮಾಡಬಲ್ಲದು ಎಂದು ತಿಳಿಯುವ ಅವಕಾಶವನ್ನೇ ಅವನಿಂದ ಕಸಿದುಕೊಳ್ಳಲಾಗಿತ್ತು.

ನಿಯಮ ದಪ್ಪವಾದರೆ ಸಾಕೇ?

ಹಾಗಾದರೆ ನಿಯಮವನ್ನೇ ಬಿಗಿ ಮಾಡೋಣ, ಮನೆಯಲ್ಲಿದ್ದ ಪ್ರತಿಯೊಂದಕ್ಕೂ ಬೆಲೆ ಕಟ್ಟೋಣ ಎನ್ನಬಹುದು. ಹತ್ತು ವರ್ಷದ ಹಿಂದೆ ಕೊಂಡ ಬಣ್ಣದ ಅರ್ಧ ಚಮಚಕ್ಕೆ ಎಷ್ಟು ಬೆಲೆ? ಕಂಪ್ರೆಸರಿನ ಒಂದು ಗಂಟೆಯ ಬಾಡಿಗೆ ಎಷ್ಟು? ಈ ದಾರಿ ಎಲ್ಲಿಗೆ ಹೋಗುತ್ತದೆಂಬುದನ್ನು ನಿಜವಾದ ಕಾರುಗಳ ಲೋಕದಲ್ಲಿ ಕಾಣಬಹುದು. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂತು. ಮೊದಲ ವರ್ಷದ ಮಿತಿ 14.5 ಕೋಟಿ ಡಾಲರ್, ಅಂದರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಮಿತಿ ಮೀರಿದ್ದಕ್ಕಾಗಿ ರೆಡ್ ಬುಲ್ ತಂಡಕ್ಕೆ 2022ರ ಅಕ್ಟೋಬರ್‌ನಲ್ಲಿ 70 ಲಕ್ಷ ಡಾಲರ್ ದಂಡ ಬಿತ್ತು. ವಿವಾದದಲ್ಲಿ ಊಟೋಪಚಾರದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬಂತಹ ಪ್ರಶ್ನೆಗಳೂ ಸೇರಿದ್ದವು. ಅಲ್ಲಿ ವಕೀಲರೂ ಲೆಕ್ಕ ಪರಿಶೋಧಕರೂ ಇರಲೇಬೇಕು. ಆದರೆ ಇಪ್ಪತ್ತು ಪೌಂಡಿನ ಪಂಥಕ್ಕೂ ಲೆಕ್ಕ ಪರಿಶೋಧಕ ಬೇಕಾಗುವುದಾದರೆ ಅದನ್ನು ಗೆಳೆಯರ ಪಂಥ ಎನ್ನುವುದು ಹೇಗೆ?

ಇನ್ನು ಕೆಲವರು, "ಬದುಕೇ ಹಾಗೆ, ಇದ್ದವನಿಗೆ ಅನುಕೂಲ ಇದ್ದೇ ಇರುತ್ತದೆ, ಆಟವನ್ನು ಆಟವಾಗಿ ಬಿಡಿ" ಎನ್ನುತ್ತಾರೆ. ಈ ಮಾತಿನಲ್ಲಿ ಒಂದು ಅಪಾಯವಿದೆ. ಪುಟ್ಟ ಆಟದಲ್ಲಿ "ನಾನು ಹದಿನಾಲ್ಕು ಪೌಂಡಿನಲ್ಲಿ ಮಾಡಿದೆ, ನಿನಗೇಕೆ ಆಗದು?" ಎಂದು ಕೇಳಿ ಅಭ್ಯಾಸವಾದವನು, ಮನೆಯಲ್ಲಿ ಪುಸ್ತಕಗಳೂ ಓದಿದ ತಂದೆ ತಾಯಿಯೂ ಇದ್ದು ಪರೀಕ್ಷೆ ಗೆದ್ದಾಗಲೂ ಅದೇ ಪ್ರಶ್ನೆಯನ್ನು ಕೂಲಿಕಾರನ ಮಗನಿಗೆ ಕೇಳುತ್ತಾನೆ. ತನ್ನ ಪೆಟ್ಟಿಗೆ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಬಡತನದ ವೇಷವನ್ನೂ ಹಾಕಬಾರದು. ಆಫ್ರಿಕದ ಮಲಾವಿಯಲ್ಲಿ ಮಕ್ಕಳು ಬಿಸಾಡಿದ ತಂತಿಯನ್ನು ಬಗ್ಗಿಸಿ ಕಾರು ಮಾಡುತ್ತಾರೆ, ಅದನ್ನು ಗಲಿಮೊಟೊ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲೂ ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಚಕ್ರ ಮಾಡಿ ಗಾಡಿ ಕಟ್ಟಿದ ಮಕ್ಕಳಿದ್ದಾರೆ. ಇವರ ಜಾಣ್ಮೆ ದೊಡ್ಡದು, ಸಂದೇಹವಿಲ್ಲ. ಆದರೆ ಅವರ ಮಿತಿಯನ್ನು ಅವರು ಆರಿಸಿಕೊಂಡದ್ದಲ್ಲ, ಪಂಥ ಮುಗಿದೊಡನೆ ಅದು ಮುಗಿಯುವುದೂ ಇಲ್ಲ. ಮಿತಿಯಿಂದ ಬುದ್ಧಿ ಚುರುಕಾಗುತ್ತದೆ ಎಂದು ಹೇಳುತ್ತಾ ಬಡತನವನ್ನೇ ಹೊಗಳಲು ಹೊರಟರೆ, ನಾವು ಆ ಮಕ್ಕಳ ಗಾಡಿಯನ್ನು ಮೆಚ್ಚಿ ಅವರ ಬರಿಗಾಲನ್ನು ಮರೆತಂತೆ.

ಪೆಟ್ಟಿಗೆಯನ್ನು ಮೇಜಿನ ಮೇಲಿಡುವುದು

ನಿಯಮ ಹೆಚ್ಚಿಸುವುದೂ ಅಲ್ಲ, ಕಣ್ಣು ಮುಚ್ಚುವುದೂ ಅಲ್ಲ ಎಂದಾದರೆ ಉಳಿಯುವುದೇನು? ಎರಡು ಸರಳ ಕೆಲಸಗಳು. ಮೊದಲನೆಯದು, ಹೇಳಿಬಿಡುವುದು. ಕಾರನ್ನು ತೋರಿಸುವಾಗ ಕೊಂಡದ್ದರ ಬೆಲೆಯ ಜೊತೆಗೆ, ಮನೆಯಲ್ಲಿದ್ದದ್ದು ಏನೇನು, ಎಷ್ಟು ಗಂಟೆ ಹಿಡಿಯಿತು, ಯಾರು ಕೈಜೋಡಿಸಿದರು ಎಂದು ಹೇಳುವುದು. ಇದನ್ನು ಯಾರೂ ಬಂದು ಪರಿಶೀಲಿಸಲಾರರು. ಆದ್ದರಿಂದಲೇ ಅದಕ್ಕೆ ನೈತಿಕ ಮೌಲ್ಯವಿದೆ. ಹಾಗೆ ಹೇಳಿದವನ ಕಾರು ಕಳಪೆಯಾಗುವುದಿಲ್ಲ, ಅದರ ಪಕ್ಕದಲ್ಲಿರುವ ಹೊಸಬನ ಕಾರು ಮಾತ್ರ ತನ್ನ ನಿಜವಾದ ಎತ್ತರದಲ್ಲಿ ಕಾಣಿಸತೊಡಗುತ್ತದೆ.

ಎರಡನೆಯದು, ಹಂಚಿಕೊಳ್ಳುವುದು. ಎಲ್ಲರ ಉಳಿಕೆ ಬಿಡಿಭಾಗಗಳೂ ಬಣ್ಣಗಳೂ ಪಂಥದ ಅವಧಿಗೆ ಒಂದೇ ಪೆಟ್ಟಿಗೆಗೆ ಸೇರಲಿ, ಬೇಕಾದವರು ತೆಗೆದುಕೊಳ್ಳಲಿ. ಏರ್ ಬ್ರಷ್ ಇದ್ದವನು ಒಂದು ಸಂಜೆ ಇನ್ನೊಬ್ಬನ ಕಾರಿಗೂ ಬಣ್ಣ ಸಿಂಪಡಿಸಲಿ. ಕಲಿತವನು ಚಾಕು ಹಿಡಿಯುವುದನ್ನು ಕಲಿಸಲಿ. ಸಮಯವಿಲ್ಲದವನಿಗೆ ಗಡುವು ಮುಂದೆ ಹೋಗಲಿ.

ಹೀಗೆ ಎಲ್ಲವನ್ನೂ ಹಂಚಿಕೊಂಡ ಮೇಲೆ ಪಂಥದಲ್ಲಿ ಏನು ಉಳಿಯಿತು ಎಂದು ಕೇಳಬಹುದು. ಉಳಿಯಬೇಕಾದದ್ದೇ ಉಳಿಯಿತು. ಒಂದೇ ಪೆಟ್ಟಿಗೆಯಿಂದ ಯಾರ ಕಣ್ಣು ಏನನ್ನು ಆರಿಸಿತು, ಯಾರ ತಾಳ್ಮೆ ಬಣ್ಣ ಒಣಗುವ ತನಕ ಕಾಯಿತು ಎಂಬುದು. ನೋಡಬೇಕೆಂದು ಗೆಳೆಯರು ಪಂಥ ಕಟ್ಟಿದ್ದು ಅದನ್ನೇ ಅಲ್ಲವೇ? ಗೆಲ್ಲಬೇಕಾದವನು ಆಗಲೂ ಗೆಲ್ಲಬಹುದು. ಆದರೆ ಆ ಗೆಲುವಿನಲ್ಲಿ ಸೋತವನಿಗೂ ಕಲಿಯಲು ಏನಾದರೂ ಇರುತ್ತದೆ, ಮುಂದಿನ ಪಂಥಕ್ಕೆ ಅವನು ಮತ್ತೆ ಬರುತ್ತಾನೆ.

ಸಮಾಜದ ದೊಡ್ಡ ಸ್ಪರ್ಧೆಗಳಿಗೆ ಇಷ್ಟು ಸುಲಭದ ಪರಿಹಾರವಿಲ್ಲ. ಅಲ್ಲಿ ಕಾನೂನು ಬೇಕು, ನೀತಿ ಬೇಕು, ಸರಕಾರ ಬೇಕು. ಆದರೆ ಆ ಕಾನೂನುಗಳನ್ನು ಒಪ್ಪುವ ಮನಸ್ಸು ಎಲ್ಲಿಂದ ಬರಬೇಕು? ತಮ್ಮ ಮನೆಯ ಪೆಟ್ಟಿಗೆಯಲ್ಲಿ ಏನಿದೆ ಎಂದು ಒಮ್ಮೆಯಾದರೂ ತೆರೆದು ನೋಡಿದವರಿಂದ, ಅದನ್ನು ನಾಲ್ವರ ಎದುರು ಮೇಜಿನ ಮೇಲಿಡಲು ನಾಚದವರಿಂದ. ಅಂತಹ ಅಭ್ಯಾಸಕ್ಕೆ ಹದಿನೆಂಟು ಸೆಂಟಿಮೀಟರಿನ ಒಂದು ಕಾರು ಸಾಕಷ್ಟು ದೊಡ್ಡದು.