ಹೊಳೆ ಏರಿದರೆ ಮಳೆಯೇ ಕಾರಣವೇ?

ಒಂದು ಘಟನೆಗೆ ಇದೇ ಕಾರಣ ಎಂದು ಹೇಳಲು ಎಷ್ಟು ಆಧಾರ ಬೇಕು? ಗೌತಮನ ನ್ಯಾಯಸೂತ್ರ ಈ ಪ್ರಶ್ನೆಯನ್ನು ಹೊಳೆಯ ಉದಾಹರಣೆಯಿಂದಲೇ ಚರ್ಚಿಸುತ್ತದೆ. ತುಂಬಿ ಹರಿಯುವ ಹೊಳೆಯನ್ನು ಕಂಡವರು ಮೇಲೆಲ್ಲೋ ಮಳೆಯಾಗಿದೆ ಎಂದು ಅನುಮಾನಿಸುತ್ತಾರೆ. ಆಕ್ಷೇಪ ಎತ್ತುವ ಪೂರ್ವಪಕ್ಷದವನು ಒಪ್ಪುವುದಿಲ್ಲ: ನೀರಿಗೆ ಎಲ್ಲೋ ತಡೆ ಬಿದ್ದಿದ್ದರೂ ಹೊಳೆ ಏರಬಹುದಲ್ಲ?

ದಾಂಡೇಲಿ ಬಳಿಯ ಮೌಳಂಗಿಯಲ್ಲಿ ಈ ಆಕ್ಷೇಪ ಬರೀ ಗ್ರಂಥದ ಮಾತಲ್ಲ. ಮೇಲ್ಗಡೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿದೆ. ಅದರ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳು ಓಡಿದಾಗ ಹೊರಬಿದ್ದ ನೀರಿಗೆ ಕಾಳಿ ನದಿ ಬಿರುಬೇಸಿಗೆಯಲ್ಲೂ ಏರುತ್ತದೆ. ಘಟಕ ನಿಂತರೆ ಇಳಿಯುತ್ತದೆ. ಇಲ್ಲಿ ಏರಿದ ನೀರನ್ನಷ್ಟೇ ನೋಡಿ ಮಳೆ ಎಂದವರ ಮಾತು ಸುಳ್ಳಾಗುತ್ತದೆ. ನ್ಯಾಯಸೂತ್ರದ ಮೇಲಿನ ವಾತ್ಸ್ಯಾಯನ ಭಾಷ್ಯಕ್ಕೆ ಈ ತೊಡಕು ಗೊತ್ತು. ಅದಕ್ಕೇ ಅದು ಸೆಳವು, ನೊರೆ, ತೇಲಿ ಬರುವ ಎಲೆ, ಹಣ್ಣು, ಕಟ್ಟಿಗೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ವೈಫೈ ಡ್ರೈವರ್‌ನಿಂದಾಗಿ ಬೂಟ್ ಆಗುತ್ತಿಲ್ಲ ಎಂಬ ಶಂಕೆಯಿರುವ ಕಂಪ್ಯೂಟರ್ ಕೂಡ ಇದೇ ಪರೀಕ್ಷೆಯನ್ನು ಕೇಳುತ್ತದೆ. ಡ್ರೈವರ್ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಒಳಗೇ. ಬ್ರೌಸರ್ ಕುಸಿದರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಡ್ರೈವರ್ ತಪ್ಪಿದರೆ ಇಡೀ ಯಂತ್ರವೇ ನಿಂತುಬಿಡಬಹುದು. ಲಿನಕ್ಸ್‌ನಲ್ಲಿ ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ 'ಕ್ವೈಯಟ್' ಪದವನ್ನು ಅಳಿಸಿದರೆ ಬೂಟ್ ಸಂದೇಶಗಳು ಸಾಲುಸಾಲಾಗಿ ಕಾಣುತ್ತವೆ. ಎಲ್ಲರ ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ. ಆದರೆ ಅನೇಕ ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತಿರುವಾಗ ಕೊನೆಯ ಸಾಲು ಸುಸೂತ್ರವಾಗಿ ಮುಗಿದ ಯಾವುದೋ ಕೆಲಸದ್ದೂ ಆಗಿರಬಹುದು. ಕಾರ್ಯಕ್ಕೆ ತಪ್ಪದೆ ಮೊದಲು ಇರುವುದೇ ಕಾರಣ ಎನ್ನುತ್ತದೆ ಅನ್ನಂಭಟ್ಟನ ತರ್ಕಸಂಗ್ರಹ. ಆ 'ತಪ್ಪದೆ' ಎಂಬುದನ್ನು ಒಂದು ಸಲದ ನೋಟ ತೋರಿಸಿಕೊಡಲಾರದು.

ತೋರಿಸಿಕೊಡುವುದು ಅನ್ವಯ (ಇದಿದ್ದರೆ ಅದೂ ಇರುವುದು) ಮತ್ತು ವ್ಯತಿರೇಕ (ಇದಿಲ್ಲದಿದ್ದರೆ ಅದೂ ಇಲ್ಲದಿರುವುದು). ಇಂಟೆಲ್ ಕಾರ್ಡಿರುವ ಯಂತ್ರವಾದರೆ ಗ್ರಬ್‌ನ 'ಕ್ವೈಯಟ್' ಇದ್ದ ಅದೇ ಸಾಲಿಗೆ 'ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್=ಐಡಬ್ಲ್ಯೂಎಲ್‌ವೈಫೈ' ಎಂದು ಸೇರಿಸಬಹುದು. ಆಗ ಡ್ರೈವರ್ ತಾನಾಗಿ ಲೋಡ್ ಆಗುವುದಿಲ್ಲ. ಯಂತ್ರ ಲಾಗಿನ್ ಪರದೆಯವರೆಗೆ ಬಂದರೆ ವ್ಯತಿರೇಕ ಸಿಕ್ಕಿತು: ಡ್ರೈವರ್ ಇಲ್ಲ, ತೊಂದರೆಯೂ ಇಲ್ಲ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಅರ್ಧ ಪರೀಕ್ಷೆ, ಏಕೆಂದರೆ ಆ ಸಲದ ಬೂಟ್ ಕಾಕತಾಳೀಯವೂ ಇರಬಹುದು. ತೆರೆದಿರುವ ಫೈಲುಗಳನ್ನೆಲ್ಲ ಸೇವ್ ಮಾಡಿಕೊಂಡು ಟರ್ಮಿನಲ್‌ನಿಂದ ಅದೇ ಡ್ರೈವರನ್ನು ಕೈಯಾರೆ ಲೋಡ್ ಮಾಡಬೇಕು. ಕರ್ಸರ್ ಅಲ್ಲಾಡದೆ, ಕೀಲಿಮಣೆ ಓಗೊಡದೆ ಯಂತ್ರ ಸ್ತಬ್ಧವಾದರೆ ಅನ್ವಯವೂ ಸಿಕ್ಕಂತೆ.

ಇಷ್ಟಾದರೂ ಪ್ರಶ್ನೆ ಮುಗಿಯುವುದಿಲ್ಲ. ನಿಜವಾದ ತಾತ್ವಿಕ ತೊಡಕು ಶುರುವಾಗುವುದೇ ಇಲ್ಲಿ. ಗ್ರಬ್‌ನಲ್ಲಿ ಹಳೆಯ ಕರ್ನಲ್ ಆರಿಸಿದರೆ, ಅದೇ ಕಾರ್ಡ್ ತನ್ನ ಡ್ರೈವರಿನೊಂದಿಗೇ ಸರಾಗವಾಗಿ ನಡೆಯುವುದುಂಟು. ಹಾಗಾದರೆ 'ಡ್ರೈವರ್ ಇದ್ದರೆ ಯಂತ್ರ ನಿಲ್ಲುತ್ತದೆ' ಎಂಬ ವ್ಯಾಪ್ತಿ (ತಪ್ಪದ ಸಂಬಂಧ) ಮುರಿಯಿತು. ನೈಯಾಯಿಕರು ಇಂಥಲ್ಲಿ ಉಪಾಧಿಯನ್ನು ಹುಡುಕುತ್ತಾರೆ: ಸಂಬಂಧ ನಿಜವಾಗಲು ಜೊತೆಗಿರಲೇಬೇಕಾದ, ಆದರೆ ಹೇಳದೆ ಉಳಿದ ಷರತ್ತು. ಹೊಸ ಕರ್ನಲ್, ಅದರೊಂದಿಗೆ ಬಂದ ಡ್ರೈವರಿನ ಆವೃತ್ತಿ, ಕಾರ್ಡಿಗೆ ತುಂಬುವ ಫರ್ಮ್‌ವೇರ್, ಕೆಲವೊಮ್ಮೆ ಮದರ್‌ಬೋರ್ಡಿನ ಬಯಾಸ್ ಇವೆಲ್ಲ ಸೇರಿದ ಸಾಮಗ್ರಿಯೇ ಕಾರಣ. ಡ್ರೈವರ್ ಅದರಲ್ಲಿ ಒಂದು ಭಾಗ, ನಮ್ಮ ಕೈಗೆ ಸುಲಭವಾಗಿ ಎಟುಕುವ ಭಾಗ. ತೆಗೆದುಹಾಕಲು ಬರುವುದನ್ನೇ ಕಾರಣವೆಂದು ಕರೆಯುವ ರೂಢಿ ದುರಸ್ತಿಗೆ ಸಾಕು, ಜ್ಞಾನಕ್ಕೆ ಸಾಲದು. ದೋಷವನ್ನು ವರದಿ ಮಾಡುವವರು ಡ್ರೈವರಿನ ಹೆಸರಿನ ಜೊತೆಗೆ ಕರ್ನಲ್ ಆವೃತ್ತಿ, ಫರ್ಮ್‌ವೇರ್ ಆವೃತ್ತಿ, ಕಾರ್ಡಿನ ಗುರುತು ಸಂಖ್ಯೆ ಮೂರನ್ನೂ ಬರೆಯಬೇಕಾದದ್ದು ಇದಕ್ಕಾಗಿಯೇ.