ಮರುಮಾತಿಗೆ ಜಾಗ ಇದೆಯೇ?

ಧಾರವಾಡದ ಕಡೆಯವರೂ ಮೈಸೂರು ಕಡೆಯವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಎಲೆಯ ತುದಿಗೆ ಉಪ್ಪು ಬೀಳುವ ಮೊದಲೇ ಕಿಚಾಯಿಸುವುದು ಶುರುವಾಗುತ್ತದೆ. "ಏನ್ರೀ, ನಿಮ್ಮ ಕಡೆ ಸಾರಿಗೂ ಬೆಲ್ಲ ಹಾಕ್ತೀರಂತಲ್ರೀ, ಪಾಯಸಕ್ಕ ಏನ್ ಹಾಕ್ತೀರಿ ಮತ್ತ?" ಎಂದು ಒಬ್ಬರು. "ನಿಮ್ಮ ಕೆಂಪು ಚಟ್ನಿ ತಿಂದು ಬಾಯಿ ಉರೀತಿದೆಯಲ್ಲ ಸ್ವಾಮಿ, ಅದಕ್ಕೇ ಬೆಲ್ಲ" ಎಂದು ಇನ್ನೊಬ್ಬರು. ಮಂಗಳೂರಿನವರ ಪುಸ್ತಕದಂಥ ಕನ್ನಡ, ಮಂಡ್ಯದವರ ಏಕವಚನ, ಎಲ್ಲರಿಗೂ ಸರದಿ ಬರುತ್ತದೆ. ಮಾತು ಎಷ್ಟೋ ಸಲ ಸಾಕಷ್ಟು ಒರಟಾಗಿಯೇ ಇರುತ್ತದೆ. ಆದರೂ ಯಾರೂ ಎಲೆ ಬಿಟ್ಟು ಏಳುವುದಿಲ್ಲ. ಗೇಲಿಗೆ ಸಿಕ್ಕವರು ಎದುರಿಗೇ ಕೂತಿರುತ್ತಾರೆ, ಅವರಿಗೂ ಅದೇ ಭಾಷೆ ಬರುತ್ತದೆ, ಅವರ ನಾಲಗೆಯೂ ಹರಿತವಾಗಿದೆ. ಒಂದು ಕೊಟ್ಟರೆ ಒಂದು ವಾಪಸು ಬಂದೇ ಬರುತ್ತದೆ.

ಈಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬನ್ನಿ. ಅಮೆರಿಕದ ಯಾವ ಊರಿನ ಕನ್ನಡಿಗರ ಗುಂಪನ್ನಾದರೂ ತೆರೆಯಿರಿ. ಬೆಳಗಿನ ಶುಭೋದಯ, ಯಾರದೋ ಮಗಳ ರಂಗಪ್ರವೇಶದ ಆಹ್ವಾನ, ಬೆಂಗಳೂರಿಗೆ ಹೊರಟವರ ಹತ್ತಿರ ಒಂದು ಸಣ್ಣ ಪೊಟ್ಟಣ ಕಳಿಸಬಹುದೇ ಎಂಬ ವಿಚಾರಣೆ. ನಡುವೆ ಕರಿಯರ ಮೇಲೊಂದು ಜೋಕು, ಚೀನೀಯರ ಊಟದ ಮೇಲೊಂದು, ಮೆಕ್ಸಿಕೊದವರ ಮೇಲೊಂದು. ಅದರ ಕೆಳಗೆ ಸಾಲಾಗಿ ಕಣ್ಣೀರು ಬರುವಷ್ಟು ನಗುವ ಹಳದಿ ಮುಖಗಳು. ಆ ಜೋಕುಗಳನ್ನು ಇಲ್ಲಿ ಬರೆಯುವುದಿಲ್ಲ. ಓದುಗರ ಫೋನಿನಲ್ಲೇ ಇವೆ.

ಯಾರಾದರೂ ಇದು ಸರಿಯೇ ಎಂದು ಕೇಳಿದರೆ ಬರುವ ಉತ್ತರ ಎರಡು. "ನಮ್ಮ ನಮ್ಮಲ್ಲೇ ಅಲ್ವಾ, ಅವರೇನು ಕನ್ನಡ ಓದ್ತಾರಾ?" ಎಂಬುದು ಒಂದು. "ನಾನು ಬರೆದದ್ದಲ್ಲ, ಬಂದದ್ದನ್ನ ಫಾರ್ವರ್ಡ್ ಮಾಡಿದೆ, ಅಷ್ಟೇ" ಎಂಬುದು ಇನ್ನೊಂದು. ನನ್ನ ತಕರಾರು ಇರುವುದು ಈ ಎರಡು ಉತ್ತರಗಳ ಬಗ್ಗೆಯೇ. ಒಂದರ ಪ್ರಕಾರ ಮರುಮಾತು ಆಡಬೇಕಾದವರು ಅಲ್ಲಿಲ್ಲ. ಇನ್ನೊಂದರ ಪ್ರಕಾರ ಮರುಮಾತು ಕೇಳಿಸಿಕೊಳ್ಳಬೇಕಾದವರೂ ಅಲ್ಲಿಲ್ಲ. ಹೇಳಿದವರಿಲ್ಲದ, ಕೇಳಬೇಕಾದವರಿಲ್ಲದ ಮಾತಿಗೆ ನಗುವವರು ಮಾತ್ರ ಇನ್ನೂರು ಜನ.

ಈ ಆಟದಲ್ಲಿ ನಾವೇ ಆಚೆ ಬದಿಯಲ್ಲಿ ನಿಂತ ಕಾಲವೂ ಉಂಟು. ಈ ದೇಶದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅಪು ಯಾರೆಂದು ಹೇಳಬೇಕಿಲ್ಲ. 'ದಿ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಯಲ್ಲಿ 1990ರಲ್ಲಿ ಬಂದ ಅಪು, ಕ್ವಿಕ್-ಇ-ಮಾರ್ಟ್ ಎಂಬ ಅಂಗಡಿಯ ಗಲ್ಲಾದ ಹಿಂದೆ ನಿಂತವನು. ನಹಾಸಪೀಮಪೆಟಿಲೋನ್ ಎಂಬ, ಭಾರತದ ಯಾವ ಮನೆತನಕ್ಕೂ ಹೊಂದದ ಹೆಸರು. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಇದ್ದೂ ಅವಧಿ ಮುಗಿದ ಸಾಮಾನು ಮಾರುವ ವ್ಯಾಪಾರಿ. ದನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ. ಆ ದನಿಗೆ ಅವರಿಗಿದ್ದ ಮಾದರಿಗಳಲ್ಲಿ ಒಂದು, 1968ರ 'ದಿ ಪಾರ್ಟಿ' ಸಿನಿಮಾದಲ್ಲಿ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡಿದ ಭಾರತೀಯನ ಪಾತ್ರ. ಅನುಕರಣೆಯ ಅನುಕರಣೆ. ಅಸಲಿ ಭಾರತೀಯ ಈ ವ್ಯವಹಾರದಲ್ಲಿ ಎಲ್ಲೂ ಇಲ್ಲ.

ಅಪುವನ್ನು ಸಮರ್ಥಿಸುವವರು ಹೇಳುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆ ಧಾರಾವಾಹಿ ಯಾರನ್ನೂ ಬಿಟ್ಟಿಲ್ಲ. ಸ್ಕಾಟ್ಲೆಂಡಿನ ಮಾಲಿ, ಇಟಲಿಯ ಹೋಟೆಲಿನವ, ಬಿಳಿಯರದೇ ಆದ ಮುಖ್ಯ ಕುಟುಂಬ, ಎಲ್ಲರೂ ನಗೆಪಾಟಲೇ. ಅವರೆಲ್ಲರಿಗಿಂತ ಅಪು ದುಡಿಯುವವನು, ಒಳ್ಳೆಯವನು ಕೂಡ. ಆದರೆ ಇಟಲಿಯ ಹುಡುಗನಿಗೆ ಟಿವಿಯಲ್ಲಿ ಬೇರೆ ನೂರು ಇಟಾಲಿಯನ್ನರು ಕಾಣುತ್ತಿದ್ದರು. ನಮ್ಮ ಹುಡುಗನಿಗೆ ಬಹಳ ಕಾಲ ಕಾಣುತ್ತಿದ್ದವನು ಹೆಚ್ಚುಕಡಿಮೆ ಅಪು ಒಬ್ಬನೇ. ಶಾಲೆಯ ಬಸ್ಸಿನಲ್ಲಿ "ಥ್ಯಾಂಕ್ ಯೂ, ಕಮ್ ಅಗೇನ್" ಎಂದು ಅವನ ಅಪ್ಪನ ಉಚ್ಚಾರಣೆಯನ್ನು ಅಣಕಿಸಿದಾಗ, ಅಪ್ಪ ದವಾಖಾನೆಯಲ್ಲಿ ಡಾಕ್ಟರೋ ಕಾಲೇಜಿನಲ್ಲಿ ಪ್ರೊಫೆಸರೋ ಆಗಿದ್ದರೂ ಆ ಕ್ಷಣಕ್ಕೆ ಗಲ್ಲಾದ ಹಿಂದೆಯೇ ನಿಲ್ಲುತ್ತಿದ್ದರು. ಗಲ್ಲಾದ ಹಿಂದೆ ನಿಲ್ಲುವುದು ಅವಮಾನವಲ್ಲ ಎಂಬುದು ಬೇರೆ ಮಾತು. ಅದನ್ನು ಅವಮಾನ ಎಂದುಕೊಂಡವರು ನಮ್ಮಲ್ಲೇ ಇದ್ದರು, ಅಪುವಿನ ಮೇಲಿನ ಸಿಟ್ಟಿನಲ್ಲಿ ಅಂಗಡಿಯವರ ಮೇಲಿನ ತಾತ್ಸಾರವೂ ಒಂದಿಷ್ಟು ಬೆರೆತಿತ್ತು. 2007ರಲ್ಲಿ 'ಸಿಂಪ್ಸನ್ಸ್' ಸಿನಿಮಾದ ಪ್ರಚಾರಕ್ಕೆಂದು ಸೆವೆನ್-ಇಲೆವೆನ್ ಕಂಪನಿ 12 ನಿಜವಾದ ಅಂಗಡಿಗಳನ್ನು ಕ್ವಿಕ್-ಇ-ಮಾರ್ಟ್ ಮಾಡಿ ನಿಲ್ಲಿಸಿದಾಗ ಕಾರ್ಟೂನಿಗೂ ಬೀದಿಗೂ ಇದ್ದ ಅಂತರವೂ ಹೋಯಿತು.

ಮರುಮಾತು ಬಂದದ್ದು 2017ರಲ್ಲಿ. ತೆಲುಗು ತಂದೆತಾಯಿಯ ಮಗ, ನ್ಯೂಯಾರ್ಕಿನಲ್ಲಿ ಬೆಳೆದ ಹಾಸ್ಯಗಾರ ಹರಿ ಕೊಂಡಬೋಲು 'ದಿ ಪ್ರಾಬ್ಲಮ್ ವಿತ್ ಅಪು' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅವರು ಆ ಧಾರಾವಾಹಿಯನ್ನು ಪ್ರೀತಿಸಿ ಬೆಳೆದವರು, ಅದಕ್ಕೇ ಅವರ ಪ್ರಶ್ನೆಗೆ ತೂಕವಿತ್ತು. ಅಜೇರಿಯಾ ಆಗ ಅವರಿಗೆ ಸಂದರ್ಶನ ಕೊಡಲಿಲ್ಲ. ಮರುವರ್ಷ ಧಾರಾವಾಹಿಯೇ ಒಂದು ಕಂತಿನಲ್ಲಿ ಆ ಮುಖ್ಯ ಕುಟುಂಬದ ಮಗಳು ಲೀಸಾಳ ಬಾಯಲ್ಲಿ, ಒಂದು ಕಾಲಕ್ಕೆ ಚಪ್ಪಾಳೆ ಗಿಟ್ಟಿಸಿದ್ದು ಈಗ ತಪ್ಪಾದರೆ ನಾವೇನು ಮಾಡುವುದು ಎಂಬ ಅರ್ಥದ ಮಾತು ಆಡಿಸಿ ಕೈ ತೊಳೆದುಕೊಂಡಿತು. ಬುದ್ಧಿವಂತರು ಬರೆದ ತೀರಾ ದಡ್ಡ ಉತ್ತರ ಅದು. ಆದರೆ ನಟ ಕೇಳಿಸಿಕೊಂಡಿದ್ದರು. 2020ರ ಜನವರಿಯಲ್ಲಿ ಇನ್ನು ಅಪುವಿಗೆ ದನಿ ಕೊಡುವುದಿಲ್ಲ ಎಂದರು. 2021ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಕೂತು ಕ್ಷಮೆ ಕೇಳಿದರು. ಒಂದು ಜೋಕಿಗೆ ಎದುರು ಜವಾಬು ಬರಲು 27 ವರ್ಷ ಹಿಡಿಯಿತು, ಜವಾಬು ಕೊಟ್ಟವನೂ ಹಾಸ್ಯಗಾರನೇ ಆಗಬೇಕಾಯಿತು.

ಹಾಗಾದರೆ ಗೇಲಿಗೆ ಸಿಕ್ಕವರು ಎದುರಿಗಿದ್ದರೆ ಸಾಕೇ? ಸಾಲದು. ವೆಸ್ಟ್ ಇಂಡೀಸ್ ತಂಡಕ್ಕೆ 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸ್ಯಾಮಿ ಐಪಿಎಲ್‌ನ ಹೈದರಾಬಾದ್ ತಂಡದಲ್ಲೂ ಆಡಿದವರು. ಅಲ್ಲಿ ಜೊತೆಯವರು ಅವರನ್ನು 'ಕಾಲೂ', ಅಂದರೆ ಕರಿಯ, ಎಂದು ಕರೆಯುತ್ತಿದ್ದರು. ಬಲಿಷ್ಠ ಕುದುರೆ ಎಂಬಂಥ ಹೊಗಳಿಕೆ ಇರಬೇಕೆಂದು ಸ್ಯಾಮಿ ತಾವೂ ನಗುತ್ತಿದ್ದರು. ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ, 2020ರ ಜೂನ್‌ನಲ್ಲಿ, ಹಾಸ್ಯಗಾರ ಹಸನ್ ಮಿನ್ಹಾಜ್ ಅವರ ಕಾರ್ಯಕ್ರಮ ನೋಡುವಾಗ ಅವರಿಗೆ ನಿಜ ಗೊತ್ತಾಯಿತು. ಇನ್‌ಸ್ಟಾಗ್ರಾಂನಲ್ಲಿ ನೇರವಾಗಿ ಕೇಳಿದರು. ಒಬ್ಬ ಆಟಗಾರ ಮಾತಾಡಿ, ಪ್ರೀತಿಯಿಂದ ಅಂದದ್ದು ಎಂದಾಗ ಅದನ್ನು ನಂಬಿ ವಿಷಯ ಮುಗಿಸಿದರು. ದೊಡ್ಡ ಮನಸ್ಸು. ಅದೇ ಡ್ರೆಸಿಂಗ್ ರೂಮಿನಲ್ಲಿ, ಅದೇ ಬೆಂಚಿನ ಮೇಲೆ ಕೂತಿದ್ದ ಮನುಷ್ಯ ಮರುಮಾತು ಆಡಲಾಗದೆ ಸುಮ್ಮನೆ ನಕ್ಕಿದ್ದರು. "ಅವರೇ ನಗ್ತಿದ್ರಲ್ಲ" ಎಂಬ ವಾದವನ್ನು ಯಾರಾದರೂ ಮುಂದಿಟ್ಟಾಗಲೆಲ್ಲ ನನಗೆ ಸ್ಯಾಮಿ ನೆನಪಾಗುತ್ತಾರೆ.

ಇನ್ನು ಕೆಲವು ಕಡೆ ಮರುಮಾತಿಗೆ ತೆರಬೇಕಾದ ಬೆಲೆಯೇ ವಿಪರೀತ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ಕೂದಲ ಬಗ್ಗೆ ಅಂಗಡಿಯೊಂದರಲ್ಲಿದ್ದವರು ನಕ್ಕರು. ಅವನು ಸುಮ್ಮನಿರಲಿಲ್ಲ. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಈಶಾನ್ಯದವರ ದೂರುಗಳನ್ನು ಪರಿಶೀಲಿಸಲು ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿದ್ದು ಆಮೇಲೆ. ಎದುರುತ್ತರ ಕೊಡಬಲ್ಲವರು ಮಾತ್ರ ಕೊಡಲಿ ಎಂದು ಬಿಟ್ಟುಬಿಡಲು ಆಗದಿರುವುದು ಇದಕ್ಕೇ. ಊರಿನಲ್ಲಿ ಹೆಚ್ಚು ಸಂಖ್ಯೆಯಲ್ಲಿರುವವರ ಗೇಲಿಯೂ ನಾಲ್ಕೇ ಜನರಿರುವವರ ಗೇಲಿಯೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

'ನಮ್ಮ ನಮ್ಮಲ್ಲೇ' ಎನ್ನುವಾಗ ಈ 'ನಾವು' ಯಾರು ಎಂದೂ ಕೇಳಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆಫ್ರಿಕದವರ ಬಣ್ಣ, ಕೂದಲು, ತುಟಿಯ ಮೇಲಿನ ಕನ್ನಡ ಜೋಕು ಅವರಿಗೂ ತಲುಪುತ್ತದೆ, ಅರ್ಥವಾಗುತ್ತದೆ. ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ನಿಂತು ಆ ಜೋಕು ಹೇಳಿದರೆ ನಿಮಗಿಂತ ಒಳ್ಳೆಯ ಕನ್ನಡದಲ್ಲಿ ಉತ್ತರ ಸಿಕ್ಕೀತು. 'ಅವರೇನು ಕನ್ನಡ ಓದ್ತಾರಾ?' ಎಂಬ ಪ್ರಶ್ನೆಗೆ, ಹೌದು, ಓದುತ್ತಾರೆ.

ಅಮೆರಿಕದಲ್ಲಿ ಕೂತು ಕರಿಯರ ಮೇಲೆ ನಗುವುದರಲ್ಲಿ ಇನ್ನೊಂದು ವಿಚಿತ್ರವಿದೆ. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕರಿಯನ ನಡಿಗೆ, ಮಾತು ಅಣಕಿಸುತ್ತ ಹಾಡಿ ಕುಣಿದು ಹೆಸರು ಮಾಡಿದ. ಅವನ ಪಾತ್ರದ ಹೆಸರು ಜಿಮ್ ಕ್ರೋ. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಬೆಂಚಿಗೆ ತಳ್ಳಿದ ಕಾನೂನುಗಳಿಗೆ ಜನ ಇಟ್ಟ ಹೆಸರೂ ಅದೇ. ಆ ಕಾನೂನುಗಳನ್ನು ಮುರಿಯಲು ಕರಿಯರು ಬೀದಿಗಿಳಿದು ಏಟು ತಿಂದು 1964ರ ನಾಗರಿಕ ಹಕ್ಕುಗಳ ಕಾಯಿದೆ ತಂದರು. ಅದೇ ಗಾಳಿಯಲ್ಲಿ, 1965ರ ಅಕ್ಟೋಬರ್‌ನಲ್ಲಿ, ಹುಟ್ಟಿದ ದೇಶ ನೋಡಿ ವಲಸಿಗರನ್ನು ಅಳೆಯುವ ಪದ್ಧತಿ ತೆಗೆದುಹಾಕುವ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅದಕ್ಕೆ ಮೊದಲು ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ಇವತ್ತು ಇಲ್ಲಿ ಕನ್ನಡ ಕೂಟಗಳು ಇರುವಷ್ಟು ಕನ್ನಡಿಗರು ಇದ್ದಾರೆಂದರೆ ಅದರ ಹಿಂದೆ ಆ ಏಟು ತಿಂದವರಿದ್ದಾರೆ. ಈ ಮಾತನ್ನು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಇನ್ನೂ ಹೆಚ್ಚು ಬರೆಯಬೇಕು ಅನ್ನಿಸುತ್ತದೆ.

ತಮಾಷೆಯ ಹೆಸರು ಕೈಗೆ ಕೋಲು ಹಿಡಿದದ್ದನ್ನು ನಮ್ಮವರೂ ಕಂಡಿದ್ದಾರೆ. 1987ರಲ್ಲಿ ನ್ಯೂಜೆರ್ಸಿಯ ಜರ್ಸಿ ಸಿಟಿಯಲ್ಲಿ ಭಾರತೀಯರನ್ನು ಓಡಿಸುತ್ತೇವೆಂದು ಪತ್ರಿಕೆಗೆ ಕಾಗದ ಬರೆದು ಬೆದರಿಸಿದ ಪುಂಡರ ಗುಂಪು ತನ್ನನ್ನು 'ಡಾಟ್‌ಬಸ್ಟರ್ಸ್' ಎಂದು ಕರೆದುಕೊಂಡಿತು. ಆಗಿನ ಹೆಸರಾಂತ ಸಿನಿಮಾ 'ಘೋಸ್ಟ್‌ಬಸ್ಟರ್ಸ್' ಹೆಸರನ್ನು ತಿರುಚಿ ನಮ್ಮ ಹೆಂಗಸರ ಹಣೆಯ ಕುಂಕುಮಕ್ಕೆ ಅಂಟಿಸಿದ್ದು. ಶಬ್ದಚಮತ್ಕಾರವೇನೋ ಹೌದು, ನಗು ಬರಬೇಕಾದರೆ ಹಣೆ ಬರಿದಾಗಿರಬೇಕು.

ಕನ್ನಡದ ಹಾಸ್ಯ ಮಾತ್ರ ಶುದ್ಧ ಎಂದು ನಾನು ವಾದಿಸುತ್ತಿಲ್ಲ. ಯಾವುದೇ ಗಾದೆಗಳ ಸಂಗ್ರಹ ತೆರೆದರೂ ಒಂದೊಂದು ಜಾತಿಯನ್ನು ಹೀಗಳೆಯುವ ಗಾದೆಗಳು ಸಾಲುಸಾಲಾಗಿ ಸಿಗುತ್ತವೆ. ಆದರೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹಾಸ್ಯದ ದಾರಿ ಬೇರೆ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಇಂಗ್ಲಿಷು ಬೆರೆಸಿ ಮಾತಾಡುವ ಮೈಸೂರು ಸೀಮೆಯ ಓದಿದ ಮನೆಗಳನ್ನು ರಂಗದ ಮೇಲೆ ತಂದು ಕುಣಿಸಿದರು. ಅವರು ಹುಟ್ಟಿ ಬೆಳೆದದ್ದೂ ಅಂಥ ಮನೆಯಲ್ಲೇ, ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದವರೂ ಆ ಮನೆಗಳವರೇ. ಡಾಕ್ಟರ್ ಶಿವರಾಂ, ಅಂದರೆ ರಾಶಿ, 1942ರಲ್ಲಿ ಶುರು ಮಾಡಿ 25 ವರ್ಷ ನಡೆಸಿದ ಹಾಸ್ಯಪತ್ರಿಕೆ 'ಕೊರವಂಜಿ' ಓದುಗರಿಗೆ ಓದುಗರನ್ನೇ ತೋರಿಸಿ ನಗಿಸಿತು. ಇಂಗ್ಲೆಂಡಿನಲ್ಲಿ ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್ ಮೊದಲಾದವರು ಬಿಬಿಸಿಯಲ್ಲಿ ಮಾಡಿದ 'ಗುಡ್‌ನೆಸ್ ಗ್ರೇಷಸ್ ಮಿ' ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿತು. ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗಿ ಮಾಣಿಯನ್ನು ಸತಾಯಿಸುವ ಇಂಗ್ಲಿಷರ ಚಾಳಿಯನ್ನು ತಿರುಗಿಸಿ, ಭಾರತೀಯರು ಇಂಗ್ಲಿಷ್ ಹೋಟೆಲಿಗೆ ಹೋಗಿ ಇದ್ದುದರಲ್ಲೇ ಅತ್ಯಂತ ಸಪ್ಪೆ ತಿಂಡಿ ಯಾವುದೆಂದು ಕೇಳುವ ಪ್ರಹಸನ. ಇಂಗ್ಲಿಷರೂ ಹೊಟ್ಟೆ ಹಿಡಿದು ನಕ್ಕರು. ಅಲ್ಲಿ ಜನಾಂಗದ ಗೇಲಿ ಇದೆ, ಇಲ್ಲವೆನ್ನಲಾಗದು. ಅದು ಮೊದಲ ಕಲ್ಲಾಗಿರಲಿಲ್ಲ, ಬಹಳ ವರ್ಷ ತಡವಾಗಿ ಬಂದ ಮರುಮಾತಾಗಿತ್ತು. ಆದ್ದರಿಂದ ಬಣ್ಣ, ಜನಾಂಗ ಎಂದ ಕೂಡಲೇ ಜೋಕೆಲ್ಲ ನಿಷಿದ್ಧ ಎನ್ನುವವರ ಜೊತೆಗೂ ನನಗೆ ಕೂರಲಾಗದು.

ಹಾಗಾದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏನು ಮಾಡುವುದು? ಅಡ್ಮಿನ್ ಆದವರಿಗೆ ನನ್ನ ಸಲಹೆ ಇಷ್ಟು. ಇನ್ನೊಂದು ಜನಾಂಗದವರನ್ನು ಹೀಗಳೆಯುವ ಜೋಕು ಕಂಡರೆ ತೆಗೆದುಹಾಕಿ, ಗುಂಪಿನಲ್ಲಿ ಪಾಠ ಮಾಡಲು ಹೋಗಬೇಡಿ. ವಾಕ್ ಸ್ವಾತಂತ್ರ್ಯದ ಮಾತು ಬಂದರೆ, ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಕೂಟದ ಅಡ್ಮಿನ್ನಿನ ಕೈಯನ್ನಲ್ಲ ಎಂದು ನೆನಪಿಸಿ. ಜೋಕು ಹಾಕಿದವರು ಬಹುಪಾಲು ನಿವೃತ್ತರಾದ ಹಿರಿಯರು, ಮಗನ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವವರು. ಅವರನ್ನು ಗುಂಪಿನಿಂದ ಹೊರಹಾಕುವುದು ಕ್ರೌರ್ಯ. ಸಂಜೆ ಫೋನು ಮಾಡಿ, "ರಾಯರೇ, ಆ ಜೋಕು ತೆಗೆದೆ. ನಿಮ್ಮ ಮೊಮ್ಮಗನ ಬಾಸ್ಕೆಟ್‌ಬಾಲ್ ತಂಡದ ಹುಡುಗರು ಮನೆಗೆ ಬರ್ತಾರಲ್ಲ, ಅವರಲ್ಲಿ ಯಾರಾದರೂ ಇದರ ಅರ್ಥ ಹೇಳಿ ಅಂದ್ರೆ ಹೇಳ್ತೀರಾ?" ಎಂದು ಕೇಳಿದರೆ ಸಾಕು. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡವರೂ ಮುಂದಿನ ಯುಗಾದಿಯ ಊಟಕ್ಕೆ ಬರುತ್ತಾರೆ.

"ಹಾಗಾದ್ರೆ ನಗೋದೇ ಬೇಡ್ವಾ?" ಎಂಬ ಪ್ರಶ್ನೆ ಬರುತ್ತದೆ, ಗೊತ್ತು. ನಗುವುದಕ್ಕೆ ನಮಗೇನು ಬರವೇ? 5 ಗಂಟೆಗೆ ಎಂದು ಅಚ್ಚು ಹಾಕಿಸಿದ ಕಾರ್ಯಕ್ರಮಕ್ಕೆ ಆರೂವರೆಗೆ ದೀಪ ಬೆಳಗುವ ನಾವು. ಪ್ರಾಯೋಜಕರ ಭಾಷಣದ ಹೊತ್ತಿಗೆ ಒಬ್ಬೊಬ್ಬರಾಗಿ ತಿಂಡಿಯ ಸಾಲಿಗೆ ಜಾರುವ ನಾವು. 'ಕನ್ನಡ ಉಳಿಸಿ' ಎಂದು ಇಂಗ್ಲಿಷಿನಲ್ಲಿ ಠರಾವು ಬರೆಯುವ ನಾವು. ಬಿಸಿಬೇಳೆಬಾತು ಮುಗಿದದ್ದಕ್ಕೆ ಸಮಿತಿಯವರ ಜೊತೆ ಮೂರು ವರ್ಷ ಮಾತು ಬಿಟ್ಟವರು ನಮ್ಮಲ್ಲಿದ್ದಾರೆ. ಈ ಸಲದ ರಾಜ್ಯೋತ್ಸವದ ಪ್ರಹಸನವನ್ನು ಇದರ ಮೇಲೇ ಬರೆಯಿರಿ, ಖಜಾಂಚಿಯವರ ಲೆಕ್ಕಪತ್ರವನ್ನೂ ಸೇರಿಸಿ. ಅವರು ಎದ್ದು ಉತ್ತರ ಕೊಡಲು ಮೈಕು ಕೇಳಿದರೆ ಮಾತ್ರ ತಪ್ಪದೆ ಕೊಡಿ.