ಮರ, ಅರಗು ಮತ್ತು ಶ್ರಾವಕನ ಜೀವನೋಪಾಯ

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿದ ಮೇಲೆ ಬರುವ ಊರು ಚನ್ನಪಟ್ಟಣ. ಅಲ್ಲಿಯ ಅರಗಿನ ಗೊಂಬೆಗಳು ನಾಡಿಗೆಲ್ಲ ಪರಿಚಿತ. ಹಾಲೆಮರದ ತುಂಡನ್ನು ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಬಳಿಕ ತಾಳೆಯ ಗರಿಯಿಂದ ಉಜ್ಜಿ ಮೆರುಗು ಬರಿಸುತ್ತಾರೆ. ಹಿಂದೂ ಮತ್ತು ಮುಸಲ್ಮಾನ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕಸುಬು ಇದು.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ತಂತ್ರಜ್ಞಾನ ಸಂಸ್ಥೆಗಳು ಕಚೇರಿಯ ಒಳಗೋಡೆಗಳನ್ನು ತೆಗೆದು, ನೌಕರರೆಲ್ಲ ಒಟ್ಟಿಗೆ ಕುಳಿತುಕೊಳ್ಳುವಂತೆ ಉದ್ದನೆಯ ಮರದ ಮೇಜುಗಳನ್ನು ಮಾಡಿಸುತ್ತಿವೆ. ಅಂತಹ ಒಂದು ಸಂಸ್ಥೆಯು ಜೈನ ವ್ಯಾಪಾರಿಯೊಬ್ಬನ ಬಳಿಗೆ ಬಂದು, ಹೊಸ ಮರದಿಂದ ನಲವತ್ತು ಮೇಜುಗಳು ಬೇಕು, ಕಾಲುಗಳಿಗೆ ಚನ್ನಪಟ್ಟಣದ ಕಡೆತ ಇರಲಿ, ಮೇಲೆಲ್ಲ ಅರಗಿನ ಮೆರುಗು ಇರಲಿ ಎಂದು ಕೇಳಿತೆಂದು ಭಾವಿಸಬಹುದು. ಲಾಭ ದೊಡ್ಡದು. ಹತ್ತಾರು ಕುಶಲಕರ್ಮಿಗಳಿಗೆ ತಿಂಗಳುಗಟ್ಟಲೆ ಕೂಲಿ ದೊರೆಯುತ್ತದೆ. ಶ್ರಾವಕನಾದವನು ಈ ಕೆಲಸವನ್ನು ಒಪ್ಪಿಕೊಳ್ಳಬಹುದೇ?

ಪ್ರಶ್ನೆ ಹೊಸದೆಂದು ತೋರಿದರೂ ಅದರ ಬೇರು ಹಳೆಯದು. ಶ್ರಾವಕನು ತೊರೆಯಬೇಕಾದ ಹದಿನೈದು ಕ್ರೂರ ಉದ್ಯೋಗಗಳನ್ನು ನಮ್ಮ ಶಾಸ್ತ್ರಗಳು ಹೆಸರಿಸಿವೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಇವು ಕರ್ಮಾದಾನಗಳೆನಿಸಿವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇವನ್ನು ಖರಕರ್ಮಗಳೆಂದು ಕರೆದಿದ್ದಾರೆ. ಆ ಪಟ್ಟಿಯಲ್ಲಿ ಕಾಡು ಕಡಿದು ಜೀವಿಸುವ ವನಕರ್ಮವಿದೆ. ಅರಗನ್ನು ಮಾರುವ ಲಾಕ್ಷಾವಾಣಿಜ್ಯವೂ ಇದೆ. ಮೇಲೆ ಹೇಳಿದ ಬೇಡಿಕೆಯಲ್ಲಿ ಈ ಎರಡೂ ಒಟ್ಟಿಗೆ ಸೇರಿವೆ.

ಅರಗಿಗೆ ಈ ನಿಷೇಧವೇಕೆ? ಅರಗು ಮರದ ಅಂಟಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ನೆಲೆಸುವ ಸಣ್ಣ ಕೀಟಗಳು ತಮ್ಮ ಮೈಯಿಂದ ಸ್ರವಿಸಿ ಕಟ್ಟಿಕೊಳ್ಳುವ ಕವಚವೇ ಅರಗು. ಜಾರ್ಖಂಡ್, ಛತ್ತೀಸಗಢದ ರೈತರು ಇದನ್ನು ಹೇರಳವಾಗಿ ಬೆಳೆಯುತ್ತಾರೆ. ಮರಿಗಳು ಹೊರಬರುವ ಮೊದಲೇ ಕೊಂಬೆಯನ್ನು ಕಡಿದು ಅರಗನ್ನು ಕೆರೆದರೆ ತಾಯಿಯೂ ಮರಿಯೂ ಅದರೊಳಗೇ ಸಾಯುತ್ತವೆ. ಮರಿಗಳು ಹೊರಬಂದು ಬೇರೆ ಕೊಂಬೆಗಳನ್ನು ಸೇರಿದ ಬಳಿಕ ಉಳಿದ ಬರಿದಾದ ಅರಗನ್ನು ಕೆರೆಯುವ ಕ್ರಮವೂ ಉಂಟು; ಆ ವೇಳೆಗೆ ತಾಯಿಕೀಟದ ಆಯುಷ್ಯ ಮುಗಿದಿರುತ್ತದೆ. ಎರಡು ವಿಧದ ಅರಗೂ ಪೇಟೆಯಲ್ಲಿ ಒಂದೇ ಬಣ್ಣದ್ದು. ಆದರೆ ಅವುಗಳ ಹಿಂದಿನ ಹಿಂಸೆ ಒಂದೇ ಅಳತೆಯದಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಮಾತು ಅಪರಿಚಿತವಲ್ಲ. ನೂಲು ತುಂಡಾಗದಿರಲೆಂದು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುವುದನ್ನು ಅರಿತೇ ಅನೇಕ ಜೈನ ಕುಟುಂಬಗಳು ಪೂಜೆಯಲ್ಲಿ ರೇಷ್ಮೆಯನ್ನು ಬಿಟ್ಟಿವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವ್ಯಾಪಾರಿ ತಾನಾಗಿ ಮರ ಕಡಿಯಲಿಲ್ಲ, ಕೀಟವನ್ನು ಮುಟ್ಟಲಿಲ್ಲ. ಅವನು ಬಿಟ್ಟರೆ ಮತ್ತೊಬ್ಬನು ಮಾಡಿಕೊಡುತ್ತಾನೆ. ಹೀಗಿರುವಾಗ ಅವನಿಗೆ ದೋಷವೆಲ್ಲಿಯದು? ಇದಕ್ಕೆ ಜಿನಧರ್ಮದ ಉತ್ತರ ಸ್ಪಷ್ಟವಾಗಿದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಕರ್ಮ ಹರಿದು ಬರುತ್ತದೆ. ಮುಂಗಡ ಹಣ ಕೊಟ್ಟವನು ಮಾಡಿಸಿದವನೇ ಆಗುತ್ತಾನೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಹಿಂಸೆಯ ಮೂಲವನ್ನು ಭಾವದಲ್ಲಿ ಕಾಣುತ್ತಾರೆ. ಆದರೂ ಭಾವಶುದ್ಧಿಗಾಗಿಯೇ ಹಿಂಸೆಯ ನೆಲೆಗಳಿಂದ ದೂರ ಸರಿಯಬೇಕೆಂದು ವಿಧಿಸುತ್ತಾರೆ. ‘ನನ್ನ ಮನಸ್ಸು ಶುದ್ಧವಾಗಿದೆ’ ಎಂಬ ಮಾತು ಲಾಭದ ಲೆಕ್ಕ ಬರೆಯುವ ಕೈಗೆ ರಕ್ಷೆಯಾಗಲಾರದು.

ಹಾಗಾದರೆ ಬೇಡಿಕೆಯನ್ನು ತಿರಸ್ಕರಿಸಿ ಕೈತೊಳೆದುಕೊಂಡರೆ ಸಾಕೇ? ಅದೂ ಅಷ್ಟು ಸುಲಭವಲ್ಲ. ಅದೇ ಸಂಸ್ಥೆ ಮರದ ಪುಡಿಯನ್ನು ರಾಸಾಯನಿಕ ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಮೇಜುಗಳನ್ನು ಕೊಳ್ಳುತ್ತದೆ. ಅಲ್ಲಿಯೂ ಮರವಿದೆ, ವಿಷದ ಹೊಗೆಯಿದೆ, ಕೆಲವೇ ವರ್ಷಗಳಲ್ಲಿ ಊದಿಹೋಗಿ ಕಸವಾಗುವ ವಸ್ತುವಿದೆ. ಇತ್ತ ಕಡೆತದವನ ಮನೆಯಲ್ಲಿ ಒಲೆ ಆರುತ್ತದೆ. ಕಣ್ಣಿಗೆ ಕಾಣುವ ಹಿಂಸೆಯನ್ನು ಬಿಟ್ಟು ಕಾಣದ ಹಿಂಸೆಯನ್ನು ಬೇರೊಬ್ಬರ ಪಾಲಿಗೆ ದೂಡುವುದು ಅಹಿಂಸೆಯಾಗುವುದಿಲ್ಲ. ಅದು ಅಹಿಂಸೆಯ ನೆರಳು ಮಾತ್ರ.

ಈ ಇಕ್ಕಟ್ಟಿನಲ್ಲಿ ದಾರಿ ತೋರುವುದು ಆರು ಲೇಶ್ಯೆಗಳ ದೃಷ್ಟಾಂತ. ಗಂಗರ ಮಂತ್ರಿ ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಇದರ ಪ್ರಸ್ತಾಪವಿದೆ. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಒಬ್ಬನು ಬುಡಸಹಿತ ಕೀಳಬೇಕೆನ್ನುತ್ತಾನೆ. ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ಕೊಂಬೆಯನ್ನು, ಮಗದೊಬ್ಬನು ರೆಂಬೆಯನ್ನು ಕಡಿಯಬೇಕೆನ್ನುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೀಳಲು ಬಯಸುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣು ಸಾಕೆನ್ನುತ್ತಾನೆ. ಆರೂ ಮಂದಿಯ ಹಸಿವು ಒಂದೇ. ಬೇರೆಯಾದದ್ದು ಹಸಿವನ್ನು ತೀರಿಸಿಕೊಳ್ಳುವ ಬಗೆ.

ಮೇಜಿನ ವಿಷಯದಲ್ಲಿಯೂ ಆರನೆಯವನ ಬಗೆ ಉಂಟು. ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ ತೊಲೆ, ಕಂಬ, ಬಾಗಿಲುಗಳ ಮರ ಬಿದ್ದ ಹಣ್ಣಿಗೆ ಸಮಾನ. ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಕಡಿಯುವ ರಬ್ಬರ್ ಮರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕನಕಪುರದ ಕಾಡಿನಿಂದಲೋ ಮಾಗಡಿಯ ಸಾವನದುರ್ಗದ ತಪ್ಪಲಿನಿಂದಲೋ ಕದ್ದು ತಂದ ಮರ ಮೊದಲನೆಯವನ ಕೊಡಲಿಗೆ ಸೇರಿದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ಅನುಮತಿ ಬೇಕು; ಅನುಮತಿಯಿಲ್ಲದ ಮರವನ್ನು ಕೊಂಡರೆ ಅಹಿಂಸೆಯೊಡನೆ ಅಚೌರ್ಯವ್ರತಕ್ಕೂ ಭಂಗ ಬರುತ್ತದೆ.

ಇನ್ನು ಅರಗಿನ ಮಾತು. ಅರಗಿನ ಮೆರುಗು ಬಿಸಿಯನ್ನೂ ನೀರನ್ನೂ ತಾಳದು. ಬಿಸಿ ಕಾಫಿಯ ಲೋಟ ಇಟ್ಟಲ್ಲಿ ಬಿಳಿಯ ಕಲೆ ಏಳುತ್ತದೆ. ಹತ್ತು ಮಂದಿ ಕುಳಿತು ಉಣ್ಣುವ, ಕುಡಿಯುವ ಮೇಜಿಗೆ ಅದು ತಕ್ಕ ವಸ್ತುವೇ ಅಲ್ಲ. ಕೆಲಸಕ್ಕೆ ಬಾರದ ಅಲಂಕಾರಕ್ಕಾಗಿ ತ್ರಸಜೀವಗಳ ಪ್ರಾಣ ತೆಗೆಯುವುದು ಅನರ್ಥದಂಡವಲ್ಲದೆ ಮತ್ತೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಅಗಸೆ ಎಣ್ಣೆಯನ್ನು ಉಜ್ಜಿದರೂ ಮರಕ್ಕೆ ರಕ್ಷಣೆ ದೊರೆಯುತ್ತದೆ. ಎಣ್ಣೆ ಹಿಂಡುವ ಯಂತ್ರಪೀಲನವೂ ಅದೇ ಹದಿನೈದರ ಪಟ್ಟಿಯಲ್ಲಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಗೃಹಸ್ಥನಿಗೆ ಹಿಂಸೆಯಿಲ್ಲದ ಉದ್ಯೋಗವಿಲ್ಲ. ಆದರೆ ಏಕೇಂದ್ರಿಯದ ಬೀಜಕ್ಕೂ ಚಲಿಸುವ ಕೀಟಸಮೂಹಕ್ಕೂ ನಮ್ಮ ಆಚಾರ್ಯರು ಕಂಡ ಅಂತರವನ್ನು ಅಳಿಸಿಹಾಕುವುದೂ ಸರಿಯಲ್ಲ.

ಆದ್ದರಿಂದ ನೈಷ್ಠಿಕ ಶ್ರಾವಕನು, ವ್ರತಗಳನ್ನು ನಿಯಮವಾಗಿ ಹಿಡಿದವನು, ಇಂತಹ ಬೇಡಿಕೆಯಿಂದ ದೂರವಿರುವುದೇ ಲೇಸು. ವ್ರತದ ಕಡೆಗೆ ಒಲವುಳ್ಳ, ಇನ್ನೂ ಆ ಮೆಟ್ಟಿಲನ್ನು ಏರದ ಪಾಕ್ಷಿಕನು ಅದನ್ನು ಒಪ್ಪಿಕೊಳ್ಳುವುದಾದರೆ ಮಿತಿಯನ್ನು ತಾನೇ ಹಾಕಿಕೊಳ್ಳಬೇಕು: ನಲವತ್ತು ಮೇಜು ನಿಜವಾಗಿ ಬೇಕೇ ಎಂದು ಕೇಳಬೇಕು, ಬಳಸಿದ ಮರವನ್ನೇ ಮುಂದಿಡಬೇಕು, ಅರಗನ್ನು ಬಿಡಬೇಕು, ಕಡೆತದ ಕೈಚಳಕಕ್ಕೆ ಅರಗಿನ ಕೆಲಸದಷ್ಟೇ ಕೂಲಿ ಕೊಡಬೇಕು. ಇಷ್ಟಕ್ಕೆ ಸಂಸ್ಥೆ ಒಪ್ಪದಿದ್ದರೆ ಲಾಭವನ್ನು ಬಿಡುವ ಧೈರ್ಯವೂ ಇರಬೇಕು. ಪರಿಗ್ರಹಪರಿಮಾಣವ್ರತ ಪರೀಕ್ಷೆಗೆ ಒಳಗಾಗುವುದು ಇಂತಹ ಘಳಿಗೆಯಲ್ಲಿ. ಉಳಿದ ದೋಷ ಪುಣ್ಯವಾಗಿ ಮಾರ್ಪಡುವುದಿಲ್ಲ. ಅದನ್ನು ದೋಷವೆಂದೇ ಅರಿತು ಸಂಜೆಯ ಪ್ರತಿಕ್ರಮಣದಲ್ಲಿ ನೆನೆಯಬೇಕು.

ಈ ವಿಚಾರ ವ್ಯಾಪಾರಿಗೆ ಮಾತ್ರ ಸೇರಿದ್ದಲ್ಲ. ಬಸದಿಗಳ ಬಾಗಿಲು, ಪಲ್ಲಕ್ಕಿ, ಸ್ವಾಧ್ಯಾಯಮಂದಿರದ ಮಣೆ, ಭೋಜನಶಾಲೆಯ ಉದ್ದನೆಯ ಬೆಂಚುಗಳು ಕೂಡ ಮರದವೇ. ಅವುಗಳ ಮೇಲಿನ ಹೊಳಪು ಎಷ್ಟೋ ಕಡೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನದೇ. ಟ್ರಸ್ಟಿನ ಸಭೆಯಲ್ಲಿ ಬಡಗಿಯ ದರಪಟ್ಟಿಯನ್ನು ಓದುವಾಗ ಬೆಲೆಯೊಡನೆ ಇನ್ನೆರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗದು: ಈ ಮರ ಎಲ್ಲಿಯದು? ಈ ಮೆರುಗು ಯಾವುದರದು? ಜಿನಬಿಂಬದ ಮುಂದೆ ನಿಂತು ಸಕಲ ಜೀವಗಳ ಕ್ಷಮೆ ಬೇಡುವ ಕೈಗಳು ಮುಟ್ಟುವ ಬಾಗಿಲಿಗೆ ಉತ್ತರವಿರಬೇಕಾದ ಪ್ರಶ್ನೆಗಳಿವು.